ನಮ್ಮ ಮನೆ ಗಂಡಸರಿಗೆ ಪುಸ್ತಕ ಆರಿಸುವುದು

ಡಿಸೆಂಬರ್ ಬಂತೆಂದರೆ ಹೆಂಗಸರಿಗೆ ಉಡುಗೊರೆ ತರುವುದು ಸುಲಭ. ಸೀರೆ, ಬಳೆ, ಒಂದು ಒಳ್ಳೆ ಕುಕ್ಕರ್, ಏನು ಕೊಟ್ಟರೂ ಖುಷಿ. ಗಂಡಸರದ್ದೇ ತಲೆನೋವು. ಅಂಗಿ ತಂದರೆ "ಹೋದ ವರ್ಷದ್ದ ಇನ್ನೂ ಹರದಿಲ್ಲ" ಅಂತಾರೆ. ವಾಚ್ ಕಟ್ಟುವುದನ್ನು ಬಿಟ್ಟಿದ್ದಾರೆ. ಹಾಗಾಗಿ ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಗಂಡಸರಿಗೆ ಪುಸ್ತಕ ಕೊಡುವುದು ಅಂತ ಒಂದು ಪದ್ಧತಿ ಬಂದುಬಿಟ್ಟಿದೆ. ಆರಿಸುವ ಕೆಲಸ ನನ್ನದು. ಯಾಕೆಂದರೆ ಮನೆಯಲ್ಲಿ ಓದುವ ಚಟ ಇರುವವಳು ನಾನೊಬ್ಬಳೇ :)

ನಾನು ಉಡುಪಿ ಕಡೆಯವಳು, ಕೊಟ್ಟ ಮನೆ ಧಾರವಾಡ. ಎರಡೂ ಕಡೆ ಬಾಸೆಲ್ ಮಿಷನ್ ಮೂಲದವರೇ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ನಿಘಂಟು ಮುಗಿಸಿದ ಕಿಟೆಲ್ ಇಬ್ಬರೂ ಅದೇ ಮಿಷನ್ನಿನವರು. ಇಂಥ ಪುಸ್ತಕದ ಪರಂಪರೆಯ ಮನೆಯಲ್ಲಿ ಗಂಡಸರು ಓದುವುದು ಏನು ಅಂದರೆ ದಿನಪತ್ರಿಕೆಯ ಕ್ರಿಕೆಟ್ ಪುಟ ಮತ್ತು ಕರೆಂಟ್ ಬಿಲ್ಲು. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ ಅಂತ ನನಗೆ ಗುಮಾನಿ. ನೀವು ಯಾವ ಧರ್ಮದವರೇ ಆಗಿರಿ, ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಕ್ರೈಸ್ತ ಪುಸ್ತಕದಂಗಡಿಗೆ ಹೋದರೆ ಗಂಡಸರಿಗೆ ಅಂತಲೇ ಒಂದು ಸಾಲು ಇರುತ್ತದೆ. ಎಲ್ಲ ಇಂಗ್ಲಿಷ್, ಹೆಚ್ಚಿನವು ಅಮೆರಿಕದವು. ಮುಖಪುಟದ ಮೇಲೆ ಒಂದು ಸಿಂಹ, ಇಲ್ಲಾ ಕತ್ತಿ, ಇಲ್ಲಾ ಬೆಟ್ಟದ ತುದಿಯಲ್ಲಿ ನಿಂತ ಗಡ್ಡದವನು. ಇವುಗಳಲ್ಲಿ ತುಂಬಾ ಹೆಸರು ಮಾಡಿದ್ದು 2001ರಲ್ಲಿ ಬಂದ ಜಾನ್ ಎಲ್ಡ್ರೆಡ್ಜ್ ಅವರ 'ವೈಲ್ಡ್ ಅಟ್ ಹಾರ್ಟ್'. ಪ್ರತಿ ಗಂಡಸಿನ ಎದೆಯೊಳಗೆ ಒಂದು ಯುದ್ಧಕ್ಕೆ, ಒಂದು ಸಾಹಸಕ್ಕೆ, ಕಾಪಾಡಬೇಕಾದ ಒಬ್ಬ ಸುಂದರಿಗೆ ಹಂಬಲ ಇರುತ್ತದೆ ಅನ್ನುವುದು ಅದರ ಸಾರಾಂಶ. ಹೊರದೇಶದಲ್ಲಿರುವ ನೆಂಟರೊಬ್ಬರು ಇದನ್ನು ನಮ್ಮನೆಯವರಿಗೆ ಕಳಿಸಿದ್ದರು. ಇವರದ್ದು ಮೋಟಾರ್ ರಿವೈಂಡಿಂಗ್ ಅಂಗಡಿ. ಹತ್ತು ಪುಟ ಓದಿ ಹೇಳಿದ್ದು ಇಷ್ಟೇ: "ನಂಗ ಸಾಹಸ ಸಾಕಾಗೇತಿ ಮಾರಾಯ್ತಿ. ಹೊತ್ತಿಗೆ ಸರಿಯಾಗಿ ಕರೆಂಟ್ ಇದ್ರ ಸಾಕು."

ಆ ಪುಸ್ತಕದಿಂದ ಬಹಳ ಜನಕ್ಕೆ ಉಪಕಾರ ಆಗಿರಬಹುದು, ಇಲ್ಲ ಅನ್ನಲ್ಲ. ಆದರೆ ನಮ್ಮ ಮನೆ ಗಂಡಸರ ಕಷ್ಟ ಬೇರೆ. ಅವರಿಗೆ ಯುದ್ಧ ಸಿಕ್ಕಿಲ್ಲ ಅಂತ ದುಃಖ ಇಲ್ಲ, ಬಂದ ದುಃಖವನ್ನು ಹೇಳಿಕೊಳ್ಳಲು ಮಾತು ಇಲ್ಲ. ಇದು ನನಗೆ ಸ್ಪಷ್ಟವಾಗಿ ಕಂಡದ್ದು 2021ರ ನಂತರ.

ಆ ವರ್ಷ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯಲ್ಲಿ, ನನ್ನ ಮೈದುನನ ಹೆಂಡತಿ ತೀರಿಕೊಂಡಳು. ಮೂವತ್ತೊಂಬತ್ತು ವರ್ಷ. ಇಬ್ಬರು ಗಂಡು ಮಕ್ಕಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಮೈದುನ ಕೆಲಸಕ್ಕೆ ಹೋಗುತ್ತಾನೆ, ಮಕ್ಕಳಿಗೆ ಡಬ್ಬಿ ಕಟ್ಟುತ್ತಾನೆ, ಎಲ್ಲ ಸರಿಯಾಗಿ ಮಾಡುತ್ತಾನೆ. ಚರ್ಚಿಗೆ ಮಾತ್ರ ಬರುವುದನ್ನು ನಿಲ್ಲಿಸಿಬಿಟ್ಟ. ಸಭೆಯವರು ಪಾಪ ಒಳ್ಳೆ ಮನಸ್ಸಿನಿಂದಲೇ ಪುಸ್ತಕ ತಂದು ಕೊಟ್ಟರು. ಸಂಕಟದಲ್ಲಿ ಜಯ, ಕಣ್ಣೀರಿನ ನಂತರ ಆನಂದ, ಈ ತರದ ಹೆಸರಿನವು. ಟಿವಿ ಪಕ್ಕದಲ್ಲಿ ಒಂದರ ಮೇಲೊಂದು ಏಳೆಂಟು ಪುಸ್ತಕ ಜೋಡಿಸಿಟ್ಟಿದ್ದ. ಒಂದನ್ನೂ ತೆರೆದಿರಲಿಲ್ಲ. ಓದಲಿಲ್ಲವಾ ಅಂತ ಕೇಳಿದೆ.

"ಏನ್ ಓದೂದು ವೈನಿ? ಎಲ್ಲಾರೂ ಸಮಾಧಾನನ ಹೇಳ್ತಾರ. ಸಮಾಧಾನ ಕೇಳಿದ್ರ ನಂಗ ಸಿಟ್ಟ ಬರತೈತಿ."

2022ರ ಕ್ರಿಸ್‌ಮಸ್‌ಗೆ ಪುಸ್ತಕ ಆರಿಸಲು ಕೂತಾಗ ಈ ಮಾತು ತಲೆಯಲ್ಲೇ ಇತ್ತು. ಒಬ್ಬ ಸಿಟ್ಟಾದ ಗಂಡಸು, ಇಬ್ಬರು ತಾಯಿಲ್ಲದ ಹುಡುಗರು (ಆಗ ಒಬ್ಬನಿಗೆ 15, ಇನ್ನೊಬ್ಬನಿಗೆ 9), ಸೊಸೆಯನ್ನು ಮಣ್ಣು ಮಾಡಿ ಬಂದ ಎಂಬತ್ತು ದಾಟಿದ ಮಾವನವರು, ಇನ್ನೊಂದು ಕಡೆ ತಮ್ಮನ ಹತ್ತಿರ ಏನು ಮಾತಾಡಬೇಕು ಅಂತ ತಿಳಿಯದ ನಮ್ಮನೆಯವರು. ಇವರಿಗೆ ಏನು ಕೊಡೋಣ?

ಮೊದಲು ನನಗೆ ನಾನೇ ಕೆಲವು ನಿಯಮ ಹಾಕಿಕೊಂಡೆ. ಕೊಡುವ ಪುಸ್ತಕವನ್ನು ಪೂರ್ತಿ ನಾನು ಓದಿರಬೇಕು. ಬರೀ ಓದಿದರೆ ಸಾಲದು, ಯಾರಿಗೆ ಕೊಡುತ್ತೇನೋ ಅವರ ಕಣ್ಣಿನಿಂದ ಓದಬೇಕು. ಹತ್ತನೇ ಪುಟಕ್ಕೇ ಎಲ್ಲ ಸರಿಹೋಗುವ ಪುಸ್ತಕ ಬೇಡ. ಅವರವರು ಕನಸು ಕಾಣುವ ಭಾಷೆಯಲ್ಲಿ ಇದ್ದರೆ ಒಳ್ಳೆಯದು. ಅಕ್ಷರ ದೊಡ್ಡದಿರಬೇಕು, ಪುಸ್ತಕ ಸಣ್ಣದಿರಬೇಕು.

ಮೈದುನನಿಗೆ ಆರಿಸಿದ್ದು ಸಿ. ಎಸ್. ಲೂಯಿಸ್ ಅವರ 'ಎ ಗ್ರೀಫ್ ಅಬ್ಸರ್ವ್ಡ್'. ಇಂಜಿನಿಯರ್ ಆದ್ದರಿಂದ ಇಂಗ್ಲಿಷ್ ಅವನಿಗೆ ತೊಡಕಲ್ಲ. ಲೂಯಿಸ್ ಅಂದರೆ ಕ್ರೈಸ್ತ ನಂಬಿಕೆಯನ್ನು ವಾದ ಮಾಡಿ ಸಮರ್ಥಿಸುವುದರಲ್ಲಿ ದೊಡ್ಡ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾಡಿದ ಭಾಷಣಗಳೇ ಮುಂದೆ 1952ರಲ್ಲಿ 'ಮಿಯರ್ ಕ್ರಿಶ್ಚಿಯಾನಿಟಿ' ಅನ್ನುವ ಪುಸ್ತಕ ಆದವು. ತುಂಬಾ ತಡವಾಗಿ ಮದುವೆಯಾದ ಮನುಷ್ಯ. ಹೆಂಡತಿ ಜಾಯ್ 1960ರ ಜುಲೈನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಮೊದಲ ಮದುವೆಯ ಇಬ್ಬರು ಹುಡುಗರು ಲೂಯಿಸ್ ಜೊತೆ ಉಳಿದರು. ಆಗ ಮನೆಯಲ್ಲಿ ಖಾಲಿ ಬಿದ್ದಿದ್ದ ನೋಟ್‌ಬುಕ್‌ಗಳಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆದುಕೊಂಡರು. 1961ರಲ್ಲಿ ಅದು ಪುಸ್ತಕವಾಗಿ ಬಂತು, ಆದರೆ ಎನ್. ಡಬ್ಲ್ಯು. ಕ್ಲರ್ಕ್ ಅನ್ನುವ ಸುಳ್ಳು ಹೆಸರಿನಲ್ಲಿ. ಯಾರು ಬರೆದದ್ದು ಅಂತ ತಿಳಿಯದ ಗೆಳೆಯರು "ನಿಮ್ಮ ದುಃಖಕ್ಕೆ ಇದನ್ನು ಓದಿ" ಅಂತ ಅದನ್ನು ಲೂಯಿಸ್‌ಗೇ ಶಿಫಾರಸು ಮಾಡಿದ್ದರಂತೆ! ಅವರ ಹೆಸರಿನಲ್ಲಿ ಅಚ್ಚಾದದ್ದು 1963ರಲ್ಲಿ ಅವರು ತೀರಿಕೊಂಡ ನಂತರವೇ.

ಈ ಪುಸ್ತಕದಲ್ಲಿ ಸಮಾಧಾನ ಸುಲಭಕ್ಕೆ ಸಿಗುವುದಿಲ್ಲ. ಮೊದಲ ಭಾಗದಲ್ಲಂತೂ ದೇವರ ಮೇಲೆ ನೇರ ಸಿಟ್ಟು. ಸುಖದಲ್ಲಿದ್ದಾಗ ತೆರೆದೇ ಇದ್ದಂತೆ ಕಾಣುವ ಬಾಗಿಲು ಕಷ್ಟದಲ್ಲಿ ಓಡಿ ಹೋದಾಗ ಮುಖಕ್ಕೆ ಬಡಿದು ಚಿಲಕ ಹಾಕಿಕೊಳ್ಳುತ್ತದಲ್ಲ ಅನ್ನುವ ಅರ್ಥದ ಮಾತುಗಳಿವೆ. ನಾಲ್ಕು ಅಧ್ಯಾಯ ಮುಗಿಯುವಷ್ಟರಲ್ಲಿ ಸಿಟ್ಟು ನಿಧಾನಕ್ಕೆ ಬೇರೆ ಏನೋ ಆಗುತ್ತದೆ, ಆದರೆ ಗೆದ್ದೆ ಅನ್ನುವ ಧ್ವನಿ ಎಲ್ಲೂ ಇಲ್ಲ. ನಂಬಿಕೆ ಬಿಡದೆ ದೇವರ ಹತ್ತಿರ ಜಗಳ ಆಡಬಹುದು ಅಂತ ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಹೇಳಿದರೆ ಅದರ ತೂಕವೇ ಬೇರೆ. ಅತ್ತಿಗೆ ಹೇಳಿದರೆ ಉಪದೇಶ ಆಗುತ್ತದೆ.

ಒಳಗೆ ಏನೂ ಬರೆಯದೆ ಕೊಟ್ಟೆ. "ಓದಿದೆಯಾ" ಅಂತ ಒಮ್ಮೆಯೂ ಕೇಳಲಿಲ್ಲ. ಮಾರ್ಚ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು.

"ವೈನಿ, ಈ ಮನಶ್ಯಾ ದೇವರಿಗೆ ಹಿಂಗ ಬೈತಾನಲ್ಲ, ಇದನ್ನ ಚರ್ಚಿನವರು ಓದತಾರೇನು?"

"ಓದ್ತಾರಪ್ಪ. ನಾನು ಓದಿಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಹುಡುಗೂರ ಬಗ್ಗೆ ಬರದಾನ ನೋಡ್ರಿ. ಅವರವ್ವನ ಸುದ್ದಿ ತಗದ್ರ ಅವರಿಗೆ ಮುಜುಗರ ಆಗತೈತಿ, ಮಾರಿ ಆ ಕಡೆ ತಿರುಗಸ್ತಾರ ಅಂತ. ನಮ್ಮ ಮನ್ಯಾಗ ಖರೇ ಹಂಗ ಆಗೇತ್ರಿ. ನನ್ನ ಮ್ಯಾಲೆ ಸಿಟ್ಟ ಅದಾವ ಅಂತ ತಿಳಕೊಂಡಿದ್ದೆ."

ಹೆಂಡತಿ ಹೋದ ಮೇಲೆ ಮಕ್ಕಳ ಬಗ್ಗೆ ಅವನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅರವತ್ತು ವರ್ಷದ ಹಿಂದೆ ಆಕ್ಸ್‌ಫರ್ಡ್‌ನಲ್ಲಿ ಕೂತ ಒಬ್ಬ ಮೇಷ್ಟ್ರು ಬರೆದ ಎರಡು ಸಾಲು ಧಾರವಾಡದ ಒಂದು ಮನೆಯೊಳಗಿನ ಮೌನವನ್ನು ಬಿಡಿಸಿ ಹೇಳಿತಲ್ಲ ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ದೊಡ್ಡ ಹುಡುಗ. ಅವನಿಗೆ ಕಾರು ಅಂದರೆ ಪ್ರಾಣ. ಹಾಗಾಗಿ ಮೊದಲು ಮನಸ್ಸಿಗೆ ಬಂದದ್ದು 1967ರ 'ಗಾಡ್ಸ್ ಸ್ಮಗ್ಲರ್'. ಬ್ರದರ್ ಆಂಡ್ರೂ ಅನ್ನುವ ಡಚ್ ಮನುಷ್ಯ (2022ರಲ್ಲಿ ತೀರಿಕೊಂಡರು) ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಕಮ್ಯುನಿಸ್ಟ್ ದೇಶಗಳ ಗಡಿ ದಾಟಿಸಿ ಬೈಬಲ್ ಸಾಗಿಸಿದ ಕಥೆ. ಓದಲು ಪತ್ತೇದಾರಿ ಕಾದಂಬರಿ ಇದ್ದಂತಿದೆ. ಆದರೆ ಆ ಹುಡುಗನ ಕಣ್ಣಿನಿಂದ ಓದುತ್ತಾ ಹೋದಾಗ ನನ್ನ ಕೈ ನಿಂತಿತು. ಗಡಿಯಲ್ಲಿ ಪ್ರಾರ್ಥನೆ ಮಾಡುತ್ತಾರೆ, ಕಾವಲಿನವರ ಕಣ್ಣಿಗೆ ಬೈಬಲ್ ಬೀಳುವುದೇ ಇಲ್ಲ. ಪ್ರಾರ್ಥನೆ ಮಾಡಿದರು, ಆಯಿತು. ಈ ಹುಡುಗ ಹದಿನಾಲ್ಕು ದಿನ ಮೊಣಕಾಲೂರಿ ಪ್ರಾರ್ಥನೆ ಮಾಡಿದ್ದ, ಆಗಲಿಲ್ಲ. ಪೊಲೀಸರ ಕಣ್ಣು ಮುಚ್ಚಿಸುವ ದೇವರು ನಮ್ಮ ಮಮ್ಮಿಯ ಉಸಿರು ಯಾಕೆ ಉಳಿಸಲಿಲ್ಲ ಅಂತ ಅವನು ಕೇಳದೆ ಇರುತ್ತಾನಾ? ಪುಸ್ತಕ ಒಳ್ಳೆಯದೇ. ಆ ವರ್ಷ ಆ ಹುಡುಗನಿಗಲ್ಲ ಅಷ್ಟೇ.

ಅದರ ಬದಲು ಕೊಟ್ಟದ್ದು ಕೋರಿ ಟೆನ್ ಬೂಮ್ ಅವರ 'ದಿ ಹೈಡಿಂಗ್ ಪ್ಲೇಸ್', 1971ರದ್ದು. ತಮಾಷೆ ಅಂದರೆ ಎರಡೂ ಪುಸ್ತಕ ಬರೆಯಲು ನೆರವಾದವರು ಒಂದೇ ದಂಪತಿ, ಜಾನ್ ಮತ್ತು ಎಲಿಜಬೆತ್ ಶೆರಿಲ್. ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡ ಕುಟುಂಬ. ನಾಜಿಗಳ ಕಾಲದಲ್ಲಿ ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟರು. ಕೋರಿಯ ಕೋಣೆಯಲ್ಲಿ ಒಂದು ಸುಳ್ಳು ಗೋಡೆ ಕಟ್ಟಿ ಅದರ ಹಿಂದೆ ಜಾಗ ಮಾಡಿದ್ದರು. 1944ರ ಫೆಬ್ರವರಿ 28ರಂದು ದಾಳಿ ಆಯಿತು. ಗೋಡೆಯ ಹಿಂದಿದ್ದ ಆರು ಜನ ಸಿಕ್ಕಲಿಲ್ಲ, ಮನೆಯವರು ಸಿಕ್ಕಿಬಿದ್ದರು. 84 ವರ್ಷದ ತಂದೆ ಹತ್ತು ದಿನದಲ್ಲಿ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ಡಿಸೆಂಬರ್‌ನಲ್ಲಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಹೋದಳು. ಅದಾದ ಕೆಲವೇ ದಿನಕ್ಕೆ ಕೋರಿಯ ಬಿಡುಗಡೆ, ಅದೂ ಕಚೇರಿಯ ಗುಮಾಸ್ತರ ತಪ್ಪಿನಿಂದ ಅಂತ ಅವಳಿಗೆ ಮುಂದೆ ತಿಳಿಯಿತು. ಪ್ರಾರ್ಥನೆ ಇಲ್ಲೂ ಇದೆ. ಆದರೆ ಅದಕ್ಕೆ ಸಿಕ್ಕ ಉತ್ತರ ಒಬ್ಬಳಿಗೆ ಒಂದು ತರ, ಇನ್ನೊಬ್ಬಳಿಗೆ ಇನ್ನೊಂದು ತರ. ಯಾಕೆ ಅಂತ ಪುಸ್ತಕ ಲೆಕ್ಕ ಒಪ್ಪಿಸುವುದಿಲ್ಲ.

ಹುಡುಗ ಅರ್ಧ ಓದಿ ಬಂದು ನನ್ನ ಹತ್ತಿರ ಜಗಳ ತೆಗೆದ. ಶಿಬಿರದ ಬ್ಯಾರಕ್ಕಿನಲ್ಲಿ ಚಿಗಟದ ಕಾಟ. ಬೆಟ್ಸಿ ಅದಕ್ಕೂ ದೇವರಿಗೆ ಕೃತಜ್ಞತೆ ಹೇಳಬೇಕು ಅಂತಾಳೆ.

"ದೊಡ್ಡಮ್ಮ, ಚಿಗಟಕ್ಕ ಥ್ಯಾಂಕ್ಸ್ ಅಂದ್ರ ಅತೀ ಆತು."

"ಕೋರಿ ಏನಂತಾಳೆ?"

"ಆಕೀನೂ ಹಂಗ ಅಂತಾಳ, ಈ ಸಲ ಅಕ್ಕಂದ ತಪ್ಪು ಅಂತ."

"ಮತ್ತೆ? ನೀನೊಬ್ಬನೇ ಅಲ್ಲವಲ್ಲ."

ಮುಂದೆ, ಆ ಚಿಗಟಕ್ಕೆ ಹೆದರಿಯೇ ಕಾವಲಿನವರು ಒಳಗೆ ಬರುತ್ತಿರಲಿಲ್ಲ, ಹಾಗಾಗಿಯೇ ಇವರು ಒಳಗೆ ಬೈಬಲ್ ಓದಲು ಆಗುತ್ತಿತ್ತು ಅಂತ ಗೊತ್ತಾಗುತ್ತದೆ. ಅದನ್ನು ಓದಿ ಅವನು ಏನಂದುಕೊಂಡ ಅಂತ ನನಗೆ ಹೇಳಿಲ್ಲ. ಪುಸ್ತಕ ಮಾತ್ರ ಅವನ ಶಾಲೆಯ ಚೀಲದಲ್ಲಿ ಬಹಳ ದಿನ ಇತ್ತು, ಮೂಲೆಗಳೆಲ್ಲ ಮಡಚಿ ಹೋಗಿತ್ತು.

ಚಿಕ್ಕವನಿಗೆ ನಾರ್ನಿಯಾ ಅಂತ ಮೊದಲೇ ನಿರ್ಧಾರ. ಏಳು ಪುಸ್ತಕಗಳು, ಮೊದಲನೆಯದು 'ದಿ ಲಯನ್, ದಿ ವಿಚ್ ಆ್ಯಂಡ್ ದಿ ವಾರ್ಡ್‌ರೋಬ್' 1950ರಲ್ಲಿ ಬಂತು. ಇವನ್ನು ಬರೆದವರೂ ಅದೇ ಲೂಯಿಸ್. ಅಂಗಡಿಯಲ್ಲಿ ಏಳೂ ಸೇರಿದ ಡಬ್ಬ ಸಿಗುತ್ತದೆ. ಈಗಿನ ಕ್ರಮದಲ್ಲಿ ಮೊದಲು ಬರುವುದು 'ದಿ ಮೆಜಿಶಿಯನ್ಸ್ ನೆವ್ಯೂ', ಅದು ಪ್ರಕಟವಾದದ್ದು 1955ರಲ್ಲಿ. ಅದರಲ್ಲಿ ಒಬ್ಬ ಹುಡುಗನ ತಾಯಿಗೆ ಕಾಯಿಲೆ. ಕೊನೆಗೆ ಒಂದು ಮಾಯದ ಸೇಬು ತಿಂದು ಆಕೆ ಗುಣ ಆಗುತ್ತಾಳೆ. ಲೂಯಿಸ್ ಅವರ ಸ್ವಂತ ತಾಯಿ 1908ರಲ್ಲಿ ಅವರಿಗೆ ಒಂಬತ್ತು ವರ್ಷ ಇದ್ದಾಗ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಅವರು ಆ ಕಥೆಯನ್ನು ಯಾಕೆ ಬರೆದಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ. ಆದರೆ ಒಂಬತ್ತು ವರ್ಷದ ಹುಡುಗನಿಗೆ ಆ ಸೇಬನ್ನು ಕೈಗೆ ಕೊಡುವ ಧೈರ್ಯ ನನಗಿರಲಿಲ್ಲ. ಡಬ್ಬ ತೆಗೆದುಕೊಳ್ಳದೆ ಮೊದಲನೆಯದನ್ನು ಮಾತ್ರ ತಂದೆ.

ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಲ್ಲಿ ನಮ್ಮನೆಯವರ ಪ್ರವೇಶ! ಪುಸ್ತಕ ಓದದ ಗಂಡನಿಗೆ ಏನು ಕೊಡಬೇಕು ಅನ್ನುವ ನನ್ನ ಹಳೇ ಸಮಸ್ಯೆಗೆ ಉತ್ತರ ಸಿಕ್ಕಿತ್ತು. ಆ ವರ್ಷ ಅವರಿಗೆ ಬೇರೆ ಪುಸ್ತಕ ಕೊಡಲಿಲ್ಲ. "ಇದನ್ನು ದಿನಾ ರಾತ್ರಿ ಅವನಿಗೆ ಒಂದು ಅಧ್ಯಾಯ ಓದಿ ಹೇಳಿ" ಅಂದೆ. ಹದಿನೇಳು ಅಧ್ಯಾಯ. ಇಂಗ್ಲಿಷ್ ನೋಡಿಕೊಂಡು ಬಾಯಲ್ಲಿ ಧಾರವಾಡ ಕನ್ನಡ. ಮಾಟಗಾತಿ ಎಡ್ಮಂಡ್‌ಗೆ ಟರ್ಕಿಶ್ ಡಿಲೈಟ್ ಕೊಟ್ಟು ಮರುಳು ಮಾಡುವ ಜಾಗ ಬಂತು. ಟರ್ಕಿಶ್ ಡಿಲೈಟ್ ಅಂದರೆ ಏನು ಅಂತ ಇವರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. "ಆಕಿ ಒಂದ ಡಬ್ಬಿ ಧಾರವಾಡ ಫೇಡೆ ಕೊಟ್ಟಳಪಾ" ಅಂದರು. ಹುಡುಗ ಒಪ್ಪಿಕೊಂಡ. ಅಷ್ಟಕ್ಕೆ ಅಣ್ಣ ತಂಗಿಯರಿಗೆ ಮೋಸ ಮಾಡುತ್ತಾನಾ ಅಂತ ಕೇಳಲೇ ಇಲ್ಲ. ಫೇಡೆ ಅಲ್ವಾ, ಮಾಡಿರಬಹುದು ಅಂದುಕೊಂಡ :)

ಆಸ್ಲಾನ್ ಅನ್ನುವ ಸಿಂಹ ಸತ್ತು ಮತ್ತೆ ಎದ್ದು ಬರುವ ರಾತ್ರಿ ನಾನು ಅಡುಗೆಮನೆಯಲ್ಲಿದ್ದೆ. ಓದು ನಿಂತಿತು. ಹುಡುಗ ಕೇಳಿದ್ದು ಕೇಳಿಸಿತು. "ದೊಡ್ಡಪ್ಪ, ಮಮ್ಮಿನೂ ಏಳತಾಳೇನು?"

ನಮ್ಮ ಸಭೆಯಲ್ಲಿ ಇದಕ್ಕೆ ಉತ್ತರ ಎಲ್ಲರಿಗೂ ಬಾಯಿಪಾಠ. ಪುನರುತ್ಥಾನ, ನಿತ್ಯಜೀವ. ಇವರು ಆ ದೊಡ್ಡ ಪದಗಳನ್ನು ತರಲಿಲ್ಲ. "ಏಳತಾಳಪಾ. ಆದ್ರ ಇಲ್ಲಿ ಅಲ್ಲ, ಈಗ ಅಲ್ಲ. ಅಲ್ಲೀತನಾ ನಮಗ ಆಕಿ ನೆನಪ ಆಗತಿರತೈತಿ. ನಂಗೂ ಆಗತೈತಿ" ಅಂದರು. ಸ್ವಲ್ಪ ಹೊತ್ತಿಗೆ "ಮುಂದ ಓದ್ರಿ" ಅಂತ ಹುಡುಗನ ದನಿ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇವರ ಬಾಯಲ್ಲಿ 'ನಂಗೂ ನೆನಪಾಗತೈತಿ' ಅನ್ನುವ ಮಾತನ್ನು ನಾನು ಕೇಳಿರಲಿಲ್ಲ.

ಮಾವನವರ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅವರು ನಿವೃತ್ತ ಕನ್ನಡ ಮೇಷ್ಟ್ರು. ಅನುವಾದದ ಕ್ರೈಸ್ತ ಪುಸ್ತಕ ಕೊಟ್ಟರೆ ಎರಡನೇ ಪುಟದಲ್ಲಿ ಕೆಂಪು ಪೆನ್ನು ಹಿಡಿದು ವ್ಯಾಕರಣ ತಿದ್ದಲು ಶುರು ಮಾಡುತ್ತಾರೆ. "ಇದು ಕನ್ನಡ ಲಿಪಿಯೊಳಗಿನ ಇಂಗ್ಲಿಷ್" ಅಂತ ತೀರ್ಪು. ಅವರಿಗೆ ಒಪ್ಪಿಗೆಯಾದ ಒಂದು ಪುಸ್ತಕ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'. ಯೇಸುವಿನ ಕೊನೆಯ ದಿನದ ಮೇಲೆ ಬರೆದ ಖಂಡಕಾವ್ಯ. ಪೈಗಳು ಕ್ರೈಸ್ತರಲ್ಲ, ಗೌಡ ಸಾರಸ್ವತರು. ಬುದ್ಧನ ಕೊನೆಯ ದಿನದ ಬಗ್ಗೆಯೂ 'ವೈಶಾಖಿ' ಅಂತ ಬರೆದಿದ್ದಾರೆ. ಕ್ರೈಸ್ತ ಪುಸ್ತಕವನ್ನು ಕ್ರೈಸ್ತರೇ ಬರೆಯಬೇಕು ಅಂತೇನಿಲ್ಲ ಅನ್ನುವುದು ನಾನು ಮಾವನವರಿಂದ ಕಲಿತದ್ದು. ಆ ವರ್ಷ ಅವರಿಗೆ ಕೊಟ್ಟದ್ದು ದೊಡ್ಡ ಅಕ್ಷರದ ಕನ್ನಡ ಬೈಬಲ್ಲು, ಹಳೆಯದರ ಅಕ್ಷರ ಕಾಣುತ್ತಿರಲಿಲ್ಲ. ಅವರು ಮೊದಲು ತೆರೆದದ್ದು ಯೋಬನ ಗ್ರಂಥ. ಎಲ್ಲ ಕಳೆದುಕೊಂಡ ಯೋಬನ ಹತ್ತಿರ ಮೂವರು ಗೆಳೆಯರು ಬಂದು ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ, ಆಮೇಲೆ ಉಪದೇಶ ಶುರು ಮಾಡುತ್ತಾರೆ. ಮಾವನವರು ಕನ್ನಡಕ ತೆಗೆದು ಹೇಳಿದರು:

"ಬಾಯಿ ಮುಚ್ಚಿಕೊಂಡು ಕೂತಿರೂತನಾ ಛಲೋ ಗೆಳ್ಯಾರ ಇದ್ರು ನೋಡವಾ. ಬಾಯಿ ತಗದ ಮ್ಯಾಲೆ ಕೆಟ್ರು."

ಮರುದಿನದಿಂದ ಸಂಜೆ ಹೊತ್ತು ಕೋಲು ಹಿಡಿದು ಮಗನ ಮನೆಗೆ ನಡೆದು ಹೋಗಿ ಒಂದು ತಾಸು ಸುಮ್ಮನೆ ಕೂತು ಬರಲು ಶುರು ಮಾಡಿದರು. ಒಮ್ಮೆ ಮಾತ್ರ ಕೀರ್ತನೆ 88 ಓದಿ ಹೇಳಿದರಂತೆ. ಬೈಬಲ್ಲಿನಲ್ಲಿ ಕಷ್ಟದ ಕೀರ್ತನೆಗಳು ಬೇಕಾದಷ್ಟಿವೆ, ಹೆಚ್ಚಿನವು ಕೊನೆಗೆ ಸ್ತುತಿಯತ್ತ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. "ಅಪ್ಪ, ಇದ ನಮ್ಮ ಬೈಬಲ್ನ್ಯಾಗ ಐತೇನು?" ಅಂತ ಮೈದುನ ಕೇಳಿದನಂತೆ.

ಹೋಗುವ ಮುಂಚೆ ಒಂದೆರಡು ಉಪಯೋಗದ ಮಾತು. ಬೈಬಲ್ಲನ್ನೇ ಉಡುಗೊರೆ ಕೊಡುವುದಾದರೆ ತೆಗೆದುಕೊಳ್ಳುವವರು ಯಾವ ಸಭೆಯವರು ಅಂತ ನೋಡಿಕೊಳ್ಳಿ. ಪ್ರೊಟೆಸ್ಟೆಂಟರದ್ದರಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ಕನ್ನಡದಲ್ಲಿ ಎರಡೂ ಸಿಗುತ್ತವೆ. ಬನಿಯನ್‌ನ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' (1678) ಕನ್ನಡದಲ್ಲೂ ಇದೆ, ಹುಡುಗರಿಗೆ ಹಿಡಿಸುತ್ತದೆ. ಆದರೆ ನಾಯಕ ಹೆಂಡತಿ ಮಕ್ಕಳನ್ನು ಬಿಟ್ಟು ಓಡುವುದು ಯಾಕೆ ಅಂತ ಕೇಳಿದರೆ, ಅವರ ಪ್ರಯಾಣದ ಕಥೆ 1684ರ ಎರಡನೆಯ ಭಾಗದಲ್ಲಿ ಇದೆ ಅಂತ ಹೇಳಲು ತಯಾರಿರಿ. ಕನ್ನಡ ಚೆನ್ನಾಗಿ ಓದುವ ಹುಡುಗರಿದ್ದರೆ ನಾ. ಡಿಸೋಜ ಅವರನ್ನು ಮರೆಯಬೇಡಿ. 'ಮುಳುಗಡೆಯ ಊರಿಗೆ ಬಂದವರು' ಧರ್ಮದ ಪುಸ್ತಕ ಅಲ್ಲ, ಆದರೆ ಮುಳುಗಿದ ಊರಿನವರ ನೋವು ಹುಡುಗರಿಗೆ ತಿಳಿಯುವಂತಿದೆ. ಬೈಬಲ್ ಬಲ್ಲವರಿಗೆ ನೆರೆಯವನ ನೋವು ಧರ್ಮದಿಂದ ಹೊರಗಿನ ವಿಷಯವೂ ಅಲ್ಲ.

ಮೈದುನ ಈಗ ಚರ್ಚಿಗೆ ಬರುತ್ತಾನಾ ಅಂತ ಕೇಳುತ್ತೀರಿ. ಇಲ್ಲ. ಮಕ್ಕಳನ್ನು ಗೇಟಿನ ತನಕ ಬಿಟ್ಟು, ಹೊರಗೆ ಸ್ಕೂಟರ್ ಮೇಲೆ ಕೂತಿರುತ್ತಾನೆ. ಪ್ರಾರ್ಥನೆ ಮುಗಿಯುವ ತನಕ ಇರುತ್ತಾನೆ, ಮನೆಗೆ ಹೋಗಿ ಬರುವುದಿಲ್ಲ. ಟಿವಿ ಪಕ್ಕದ ಆ ರಾಶಿ ಹಾಗೇ ಇದೆ. ಲೂಯಿಸ್ ಮಾತ್ರ ಮಂಚದ ಪಕ್ಕದಲ್ಲಿದ್ದಾನೆ.

ಚಿಕ್ಕವನಿಗೆ 'ಮೆಜಿಶಿಯನ್ಸ್ ನೆವ್ಯೂ' ಕೊಡುವ ಹೊತ್ತು ಈಗ ಬಂದಿದೆಯಾ ಅಂತ ನಾನು ಇನ್ನೂ ಯೋಚಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಅಂಥ ಮಗುವಿಗೆ ಅದನ್ನು ಓದಿ ಹೇಳಿದ್ದರೆ ದಯವಿಟ್ಟು ತಿಳಿಸಿ. ಹಾಗೇ, ಕೆಂಪು ಪೆನ್ನಿಗೆ ಕೆಲಸ ಕೊಡದಂಥ ಕನ್ನಡ ಪುಸ್ತಕ ಏನಾದರೂ ಗೊತ್ತಿದ್ದರೆ ಅದನ್ನೂ ಹೇಳಿ. ಮಾವನವರಿಗೆ ಈ ಸಲ ಏನು ಕೊಡಲಿ ಅಂತ ತೋಚುತ್ತಿಲ್ಲ...